ಲಾಳಿ ಓಡಲಿಕ್ಕೆ ಎಷ್ಟು ಡಿಗ್ರಿ?

ಸರಳ ಸಂಗತ ಚಲನೆಯ ಸೂತ್ರ ನಮಗೆಲ್ಲ ಬಾಯಿಪಾಠ: ಎಕ್ಸ್ = ಎ ಕಾಸ್ (ಒಮೆಗಾ ಟಿ + ಫೈ). ಎ ಅಂದ್ರೆ ಗರಿಷ್ಠ ದೂರ, ಒಮೆಗಾ ಅಂದ್ರೆ ಕೋನೀಯ ವೇಗ. ಫೈ ಬಂದಾಗ ಮಾತ್ರ ‘ಇನಿಶಿಯಲ್ ಫೇಸ್’ ಅಂತ ಬರೆದು ಮುಂದೆ ಹೋಗಿಬಿಡ್ತೀವಿ. ಅದರ ಕೆಲಸ ಏನಂತ ತಿಳಿಯಲು ಸ್ಪ್ರಿಂಗಿಗಿಂತ ರಬಕವಿ-ಬನಹಟ್ಟಿಯ ಪವರ್‌ಲೂಮ್ ಒಳ್ಳೆಯದು. ಜಮಖಂಡಿ, ಮುಧೋಳ, ಬೀಳಗಿ ಕಡೆಯವರಿಗೂ ಆ ಖಟಾಖಟ್ ಸದ್ದು ಹೊಸದಲ್ಲ.

ಮಗ್ಗದಲ್ಲಿ ಹಣಿಗೆಯಂಥ ಹಲ್ಲುಗಳಿರುವ ಚೌಕಟ್ಟೊಂದು ಹಿಂದೆ ಮುಂದೆ ಆಡುತ್ತದೆ. ಹೊಕ್ಕಿನ ಎಳೆಯನ್ನು ಬಟ್ಟೆಗೆ ಬಡಿದು ಕೂರಿಸುವುದು ಅದರ ಕೆಲಸ. ಅದನ್ನು ಆಡಿಸುವುದು ಕ್ರ್ಯಾಂಕ್ ಶಾಫ್ಟ್. ಬಡಿತದ ಕ್ಷಣವನ್ನು 0 ಡಿಗ್ರಿ ಎನ್ನುತ್ತಾರೆ, ಪೂರ್ತಿ ಹಿಂದೆ ಹೋದಾಗ 180. ಚಲನೆ ಹೆಚ್ಚುಕಡಿಮೆ ಕಾಸ್ ತೀಟಾ. ಅಷ್ಟೇ ಶುದ್ಧವಲ್ಲ: ಕ್ರ್ಯಾಂಕಿನ ತೋಳು ಗಿಡ್ಡ ಇರುವುದರಿಂದ ಚೌಕಟ್ಟು ಹಿಂದೆ ತುಸು ಹೆಚ್ಚು ಹೊತ್ತು ತಂಗುತ್ತದೆ. ಲಾಳಿಗೆ ಅದು ಒಳ್ಳೆಯದೇ.

ಈಗ ‘ಚೌಕಟ್ಟು ನಟ್ಟನಡುವೆ ಐತಿ’ ಅಂದ್ರೆ ಸಾಕೇನು? ಸಾಲದು. 90ರಲ್ಲೂ ನಡುವೆ, 270ರಲ್ಲೂ ನಡುವೆ. ಎರಡೂ ಕಡೆ ಎಕ್ಸ್ ಸೊನ್ನೆ. ಆದರೆ 90ರಲ್ಲಿ ಅದು ಹಿಂದಕ್ಕೆ ಸರಿಯುತ್ತಿದೆ, 270ರಲ್ಲಿ ಬಟ್ಟೆಯತ್ತ ನುಗ್ಗುತ್ತಿದೆ. ಜಾಗವನ್ನೂ ದಿಕ್ಕನ್ನೂ ಒಂದೇ ಸಂಖ್ಯೆಯಲ್ಲಿ ಹೇಳುವುದೇ ಪ್ರಾವಸ್ಥೆ, ಅಂದರೆ ಒಮೆಗಾ ಟಿ + ಫೈ ಇಡೀ ಮೊತ್ತ. ಫೈ ಅನ್ನೋದು ಗಡಿಯಾರ ಶುರು ಮಾಡಿದಾಗ ಅದರ ಬೆಲೆ ಮಾತ್ರ.

ಲಾಳಿ ಸುಮಾರು 110 ಡಿಗ್ರಿಗೆ ಹಾಸಿನ ಎಳೆಗಳ ಸಂದಿಗೆ ಹೊಕ್ಕು, ಸುಮಾರು 240ಕ್ಕೆ ಆಚೆ ಬರಬೇಕು. ಶಾಫ್ಟ್ ನಿಮಿಷಕ್ಕೆ 150 ಸುತ್ತು ಅಂತ ಹಿಡಿಯೋಣ. ಒಂದು ಸುತ್ತಿಗೆ 0.4 ಸೆಕೆಂಡ್, 130 ಡಿಗ್ರಿಗೆ 0.144 ಸೆಕೆಂಡ್. ಲಾಳಿಗೆ ಸಿಗುವುದು ಇಷ್ಟೇ. ಅದು 20 ಡಿಗ್ರಿ ತಡವಾದರೆ? ಬರೀ 0.022 ಸೆಕೆಂಡ್. ಆದರೆ ಲಾಳಿ ಹೊರಬೀಳುವುದು 260ಕ್ಕೆ. ಆಗ ಚೌಕಟ್ಟಿನ ವೇಗ ಗರಿಷ್ಠದ 98 ಪರ್ಸೆಂಟ್, ಅದೂ ಮುಂದಕ್ಕೆ. ಸಂದಿಯೂ ಮುಚ್ಚುತ್ತಾ ಬರುತ್ತಿದೆ. ಲಾಳಿ ಒಳಗೇ ಸಿಕ್ಕಿದರೆ ಹಾಸಿನ ಎಳೆಗಳು ಗುಂಪಾಗಿ ಹರಿಯುತ್ತವೆ. ಒಂದೊಂದನ್ನೇ ಹುಡುಕಿ ಗಂಟು ಹಾಕುತ್ತ ಕೂರಬೇಕು; ಅಷ್ಟು ಹೊತ್ತು ಮಗ್ಗ ಬಂದ್, ನೇಯ್ದಷ್ಟಕ್ಕೇ ಕೂಲಿ ಎಣಿಸುವವರಿಗೆ ಅಷ್ಟು ಕೂಲಿ ಬಂದ್.

ಮೆಕ್ಯಾನಿಕ್ ಬಂದು ಲಾಳಿಯನ್ನು ಹೊಡೆಯುವ ಕ್ಯಾಮ್ ಸಡಿಲಿಸಿ, ತುಸು ತಿರುಗಿಸಿ, ಬಿಗಿ ಮಾಡ್ತಾರೆ. ಒಮೆಗಾ ಬದಲಾಗಲಿಲ್ಲ, ಎ ಬದಲಾಗಲಿಲ್ಲ. ಅವರು ಸ್ಪ್ಯಾನರ್‌ನಿಂದ ಬದಲಿಸಿದ್ದು ಫೈ! ಇಲ್ಲೊಂದು ಮೋಜು ನೋಡ್ರಿ: ಆ ಕ್ಯಾಮ್ ಕೂತಿರುವ ಕೆಳಗಿನ ಶಾಫ್ಟ್ ಅರ್ಧ ವೇಗದಲ್ಲಿ ತಿರುಗುತ್ತದೆ. ಹಾಗಾಗಿ 20 ಡಿಗ್ರಿ ಸರಿಪಡಿಸಲು ಕ್ಯಾಮ್ ತಿರುಗಿಸಬೇಕಾದ್ದು 10 ಡಿಗ್ರಿ ಮಾತ್ರ.

ಹಾಸಿನ ಎಳೆಗಳನ್ನು ಎತ್ತಿಳಿಸುವ ಎರಡು ಚೌಕಟ್ಟುಗಳೂ ಈ ಅರ್ಧ ವೇಗದವೇ. ಸಾದಾ ನೇಯ್ಗೆಯಲ್ಲಿ ಒಂದು ಮೇಲಿದ್ದಾಗ ಇನ್ನೊಂದು ಕೆಳಗೆ. ಅವೆರಡರ ನಡುವೆ 180 ಡಿಗ್ರಿ ವ್ಯತ್ಯಾಸ. ಆದರೆ ಇವಕ್ಕೂ ಬಡಿಯುವ ಚೌಕಟ್ಟಿಗೂ ಫೇಸ್ ವ್ಯತ್ಯಾಸ ಎಷ್ಟು ಅಂತ ಪರೀಕ್ಷೆಯಲ್ಲಿ ಕೇಳಿದರೆ ಒಂದೇ ಸ್ಥಿರ ಸಂಖ್ಯೆ ಬರೆಯಬೇಡಿ. ಆವರ್ತನ ಬೇರೆ, ಆ ವ್ಯತ್ಯಾಸ ಕ್ಷಣಕ್ಷಣಕ್ಕೂ ಬದಲಾಗ್ತಿರತೈತಿ.