ನೀರು ಮತ್ತು ಧ್ರುವೀಯ ಅನಿಲಗಳು: ಲೆಕ್ಕಕ್ಕೆ ತಕ್ಕ ಮಾದರಿಯ ಆಯ್ಕೆ

ಠಾಣೆಯ ವರ್ತಕ ನಗರದಿಂದ ಅನತಿದೂರದಲ್ಲಿ ವಾಗ್ಳೆ ಎಸ್ಟೇಟ್ ಇದೆ. ಖಾಡಿಯ ಆಚೆ ದಡದಲ್ಲಿ ಠಾಣೆ-ಬೇಲಾಪುರ ಕೈಗಾರಿಕಾ ಪಟ್ಟಿ ಹಬ್ಬಿದೆ. ಕಾರ್ಖಾನೆಗಳ ಮಗ್ಗುಲಲ್ಲೇ ಜನವಸತಿ ಬೆಳೆದಿರುವ ಇಂತಹ ಪ್ರದೇಶಗಳಲ್ಲಿ ಅಮೋನಿಯ, ಹೈಡ್ರೋಜನ್ ಕ್ಲೋರೈಡ್ ಮುಂತಾದ ಅನಿಲಗಳನ್ನು ಹೊರಬಿಡುವ ಮುನ್ನ ನೀರಿನಿಂದ ತೊಳೆದು ಹಿಡಿಯಬೇಕಾಗುತ್ತದೆ. ಈ ಕೆಲಸ ಮಾಡುವ ಗೋಪುರಕ್ಕೆ ‘ಸ್ಕ್ರಬ್ಬರ್’ ಎಂದು ಹೆಸರು. ಅದರ ಎತ್ತರವೆಷ್ಟಿರಬೇಕು, ನೀರೆಷ್ಟು ಹರಿಯಬೇಕು ಎಂಬುದನ್ನು ಇಂದು ಗಣಕಯಂತ್ರದ ಅನುಕರಣ ಲೆಕ್ಕದಿಂದ ನಿರ್ಧರಿಸುತ್ತಾರೆ. ಲೆಕ್ಕದ ತಳಹದಿಯಾದ ಉಷ್ಣಗತಿ ಮಾದರಿಯೇ ತಪ್ಪಿದರೆ, ಯಂತ್ರವು ತಪ್ಪು ಉತ್ತರವನ್ನೂ ಅಷ್ಟೇ ಅಚ್ಚುಕಟ್ಟಾಗಿ ಮುದ್ರಿಸಿಕೊಡುತ್ತದೆ.

ಒಂದು ಉದಾಹರಣೆಯನ್ನು ಗಮನಿಸೋಣ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವ ಅಮೋನಿಯದ ಬಾಷ್ಪ ಒತ್ತಡ ಸುಮಾರು 8.5 ವಾಯುಮಂಡಲ. ರೌಲ್ಟನ ಆದರ್ಶ ದ್ರಾವಣ ನಿಯಮದಂತೆ, ಒಂದು ವಾಯುಮಂಡಲ ಒತ್ತಡದ ಅಮೋನಿಯವು ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 125 ಗ್ರಾಂನಷ್ಟು ಕರಗಬೇಕು. ವಾಸ್ತವವಾಗಿ ಕರಗುವುದು 500 ಗ್ರಾಂಗಿಂತಲೂ ಹೆಚ್ಚು. ಅಂದರೆ ನಾಲ್ಕು ಪಟ್ಟು. ಆದರ್ಶ ನಿಯಮವು ಎಲ್ಲ ಅಣುಗಳ ನಡುವಿನ ಆಕರ್ಷಣೆಯೂ ಒಂದೇ ಎಂದು ಭಾವಿಸುತ್ತದೆ. ಆದರೆ ಅಮೋನಿಯ ಮತ್ತು ನೀರು ಎರಡೂ ಧ್ರುವೀಯ ಅಣುಗಳು. ಅವು ಹೈಡ್ರೋಜನ್ ಬಂಧದ ಮೂಲಕ ಒಂದನ್ನೊಂದು ಬಲವಾಗಿ ಸೆಳೆಯುತ್ತವೆ. 1803ರ ಹೆನ್ರಿಯ ನಿಯಮ ಅಮೋನಿಯದ ತೆಳು ದ್ರಾವಣಕ್ಕೆ ಸಾಕು, ಗಾಢ ದ್ರಾವಣಕ್ಕೆ ಸಾಲದು. ಅಲ್ಲಿ ಅಳೆದ ಅಂಕಿಗಳಿಗೆ ಹೊಂದಿಸಿದ ಪಟುತ್ವ ಗುಣಾಂಕಗಳನ್ನು ಕೊಡುವ ಎನ್‌ಆರ್‌ಟಿಎಲ್ (1968) ಬಗೆಯ ಮಾದರಿಗಳು ಬೇಕಾಗುತ್ತವೆ.

ಹೈಡ್ರೋಜನ್ ಕ್ಲೋರೈಡಿನ ಸಂಗತಿ ಇನ್ನೂ ಬೇರೆ. ಅದು ನೀರಿನಲ್ಲಿ ಅಯಾನುಗಳಾಗಿ ಒಡೆಯುವುದರಿಂದ ತೆಳು ದ್ರಾವಣಕ್ಕೂ ಹೆನ್ರಿಯ ನಿಯಮ ಸಲ್ಲದು. 1982ರಲ್ಲಿ ಪ್ರಕಟವಾದ ‘ಎಲೆಕ್ಟ್ರೊಲೈಟ್ ಎನ್‌ಆರ್‌ಟಿಎಲ್’ ಇಂತಹ ದ್ರಾವಣಗಳಿಗಾಗಿಯೇ ರೂಪುಗೊಂಡಿತು. ಮಾದರಿಯನ್ನು ಪರೀಕ್ಷಿಸಲು ಇಲ್ಲೊಂದು ಒಳ್ಳೆಯ ಒರೆಗಲ್ಲಿದೆ: ಸಾಮಾನ್ಯ ಒತ್ತಡದಲ್ಲಿ, ತೂಕದಲ್ಲಿ ಶೇಕಡಾ 20ರಷ್ಟು ಹೈಡ್ರೋಜನ್ ಕ್ಲೋರೈಡ್ ಇರುವ ದ್ರಾವಣವು ಸುಮಾರು 109 ಡಿಗ್ರಿಯಲ್ಲಿ, ಸಂಯೋಜನೆ ಬದಲಾಗದೆ, ಕುದಿಯುತ್ತದೆ. ಈ ಬಿಂದುವನ್ನು ತೋರಿಸದ ಮಾದರಿಯನ್ನು ಬದಿಗಿಡುವುದೇ ಲೇಸು. ಕರಗುವಾಗ ಹುಟ್ಟುವ ಉಷ್ಣವನ್ನೂ, ಅಂದರೆ ಮೋಲ್ ಒಂದಕ್ಕೆ ಸುಮಾರು 75 ಕಿಲೋಜೂಲ್‌ಗಳನ್ನೂ, ಲೆಕ್ಕಕ್ಕೆ ಸೇರಿಸಬೇಕು. ಇಲ್ಲವಾದರೆ ಗೋಪುರ ಕಾದು, ಹಿಡಿಯಬೇಕಾದ ಅನಿಲ ತಪ್ಪಿಸಿಕೊಳ್ಳುತ್ತದೆ.

ಪೆಂಗ್-ರಾಬಿನ್ಸನ್ ಸ್ಥಿತಿ ಸಮೀಕರಣ (1976) ಜನಪ್ರಿಯವಾದುದು. ಹೆಚ್ಚಿನ ಒತ್ತಡದಲ್ಲಿ, ಮುಖ್ಯವಾಗಿ ಹೈಡ್ರೊಕಾರ್ಬನ್‌ಗಳಿಗೆ, ಅದು ಉಪಯುಕ್ತ. ಸಾಮಾನ್ಯ ಮಿಶ್ರಣ ನಿಯಮಗಳೊಡನೆ ಅದನ್ನೇ ನೀರಿನ ದ್ರಾವಣಕ್ಕೆ ಬಳಸುವ ಅಭ್ಯಾಸ ಅನೇಕರಲ್ಲಿದೆ, ಅದು ಸಲ್ಲದು.

ಮುಂಬಯಿಯ ಮಾಹುಲ್‌ನಲ್ಲಾಗಲಿ ಮಂಗಳೂರಿನಲ್ಲಾಗಲಿ, ತೈಲ ಶುದ್ಧೀಕರಣ ಘಟಕಗಳ ಹುಳಿನೀರಿನಲ್ಲಿ ಅಮೋನಿಯದ ಜೊತೆಗೆ ಹೈಡ್ರೋಜನ್ ಸಲ್ಫೈಡ್ ಸಹ ಇರುತ್ತದೆ. ಇವೆರಡೂ ನೀರಿನಲ್ಲಿ ಪರಸ್ಪರ ವರ್ತಿಸಿ ಅಯಾನುಗಳಾಗಿ ಒಂದನ್ನೊಂದು ಹಿಡಿದಿಡುತ್ತವೆ. ಕ್ಷಾರ ಸೇರಿಸಿದರೆ ಅಮೋನಿಯ ಸುಲಭವಾಗಿ ಹೊರಬೀಳುತ್ತದೆ, ಸಲ್ಫೈಡ್ ಉಳಿಯುತ್ತದೆ. ಆಮ್ಲ ಸೇರಿಸಿದರೆ ಇದು ತಿರುವುಮುರುವು. ಅಯಾನುಗಳನ್ನು ಗಣಿಸದ ಮಾದರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.