ಹೆಸರು ನಿನ್ನದಾದರೆ ವ್ಯವಹಾರವೂ ನಿನ್ನದಿರಲಿ

ಪ್ರಿಯ ತಮ್ಮಾ,

ಮಹಾರಾಷ್ಟ್ರದ ಗಂಗಾಪುರ ತಾಲೂಕಿನ ವಾಳೂಜ್ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡು ಬಾಡಿಗೆ ಹಿಡಿದು ಲೇತ್ ನಡೆಸುವ ನಿನ್ನಂಥ ಪರಿಶಿಷ್ಟ ಜಾತಿಯ ಹುಡುಗರ ಕಿವಿಗೆ ಎರಡು ಬಗೆಯ ಮಾತುಗಳು ಬೀಳುತ್ತವೆ. ಜಾತಿ ಪ್ರಮಾಣಪತ್ರ ತೋರಿಸಿ ಟೆಂಡರ್ ಕೇಳುವುದು ಭಿಕ್ಷೆ ಎನ್ನುತ್ತಾರೆ ಕೆಲವರು. ಹೆಸರು ನಿನ್ನದಿರಲಿ, ದುಡ್ಡು ನಮ್ಮದು, ತಿಂಗಳಿಗಿಷ್ಟು ತಗೋ ಎನ್ನುತ್ತಾರೆ ಇನ್ನು ಕೆಲವರು. ಮೊದಲ ಮಾತಿಗೆ ಕುಗ್ಗಬೇಡ, ಎರಡನೆಯದಕ್ಕೆ ಮರುಳಾಗಬೇಡ.

ಭಿಕ್ಷೆಯೋ ಅಲ್ಲವೋ ಎಂಬುದನ್ನು ನಿಯಮವೇ ಹೇಳುತ್ತದೆ. ಕೇಂದ್ರ ಸರ್ಕಾರದ 2012ರ ಖರೀದಿ ನೀತಿಯಂತೆ ಸಚಿವಾಲಯಗಳೂ ಸಾರ್ವಜನಿಕ ಉದ್ದಿಮೆಗಳೂ ವರ್ಷದ ಖರೀದಿಯಲ್ಲಿ ಶೇ. 25ನ್ನು ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಂದ ಕೊಳ್ಳಬೇಕು. ಅದರೊಳಗೆ ಪರಿಶಿಷ್ಟರ ಘಟಕಗಳ ಪಾಲು ಶೇ. 4, ಮಹಿಳೆಯರದು ಶೇ. 3. ಟೆಂಡರ್‌ನ ಮುಂಗಡ ಠೇವಣಿ (ಇಎಂಡಿ) ಕಟ್ಟುವುದರಿಂದ ವಿನಾಯಿತಿ ಉಂಟು, ನಿಜ. ಆದರೆ ಬೆಲೆಯಲ್ಲಿ ರಿಯಾಯಿತಿ ಇಲ್ಲ. ದೊಡ್ಡ ಕಂಪನಿಯೊಂದು ಒಂದು ಬಿಡಿಭಾಗಕ್ಕೆ ಅತಿ ಕಡಿಮೆ ಎಂದು 100 ರೂಪಾಯಿ ಬರೆದಿದೆ, ನೀನು 112 ಬರೆದಿದ್ದೀಯ ಎನ್ನೋಣ. ಶೇ. 15ರ ಅಂತರದೊಳಗೆ ಇದ್ದೀಯ ಎಂದು ನಿನ್ನನ್ನು ಕರೆಯುತ್ತಾರೆ. ಆದರೆ ನೀನೂ 100ಕ್ಕೇ ಇಳಿಯಬೇಕು, ಮಾಲು ತಪಾಸಣೆಯಲ್ಲಿ ಪಾಸಾಗಬೇಕು. ಸರ್ಕಾರ ಒಂದು ಪೈಸೆಯನ್ನೂ ಹೆಚ್ಚು ಕೊಡುವುದಿಲ್ಲ. ಇದನ್ನು ಭಿಕ್ಷೆ ಎನ್ನುವುದು ಹೇಗೆ?

ಇನ್ನು ಹೆಸರು ಬಾಡಿಗೆಗೆ ಕೊಡುವ ಮಾತು. ಆ ಶೇ. 4ರ ಪಾಲಿಗೆ ಅರ್ಹವಾಗಲು, ಘಟಕದ ಮಾಲೀಕ ಒಬ್ಬನೇ ಆದರೆ ಅವನೇ ಪರಿಶಿಷ್ಟನಾಗಿರಬೇಕು. ಪಾಲುದಾರಿಕೆಯಲ್ಲಾಗಲಿ ಪ್ರೈವೇಟ್ ಲಿಮಿಟೆಡ್‌ನಲ್ಲಾಗಲಿ ಕನಿಷ್ಠ ಶೇ. 51 ಪಾಲು ಪರಿಶಿಷ್ಟರದ್ದಿರಬೇಕು. ಕಾಗದದ ಮೇಲೆ 51 ಬರೆದು ಚೆಕ್‌ಬುಕ್ಕನ್ನು ಇನ್ನೊಬ್ಬನ ಕೈಗಿಟ್ಟರೆ ಲಾಭ ಅವನದು, ಸಾಲ, ತೆರಿಗೆ, ಕಪ್ಪುಪಟ್ಟಿ ನಿನ್ನದು. ಅರ್ಹರು ಮುಂದೆ ಬರದಿದ್ದರೆ ಆ ಶೇ. 4 ಹೇಗೂ ಬೇರೆ ಸಣ್ಣ ಘಟಕಗಳಿಗೆ ಹೋಗುತ್ತದಲ್ಲ, ನಾನು ನಾಲ್ಕು ಕಾಸು ಮಾಡಿಕೊಂಡರೆ ತಪ್ಪೇನು ಎಂದು ನೀನು ಕೇಳಬಹುದು. ಖಾಲಿ ಉಳಿದ ಪಾಲು ಲೆಕ್ಕದಲ್ಲಿ ಖಾಲಿ ಎಂದೇ ಕಾಣುತ್ತದೆ, ಅದನ್ನು ಹಿಡಿದು ಪ್ರಶ್ನೆ ಕೇಳಬಹುದು. ಬೇನಾಮಿಯಿಂದ ತುಂಬಿದ ಪಾಲು ಗುರಿ ಮುಟ್ಟಿತೆಂದು ಸುಳ್ಳು ಹೇಳಿ ಆ ಪ್ರಶ್ನೆಯ ಬಾಯಿಯನ್ನೇ ಮುಚ್ಚುತ್ತದೆ.

ಕಾಗದದ ಕಾಟ ಹೆಚ್ಚು ಎಂಬ ದೂರನ್ನು ಮಾತ್ರ ಒಪ್ಪಬೇಕು. ಉದ್ಯಮ್ ನೋಂದಣಿ ಉಚಿತ, ಸ್ವಯಂ ಘೋಷಣೆ ಸಾಕು. ಜಾತಿಯ ದಾಖಲೆ ಹಾಗಲ್ಲ. ಮಹಾರಾಷ್ಟ್ರದಲ್ಲಿ ಪ್ರಾಂತಾಧಿಕಾರಿ ಕೊಟ್ಟ ಪತ್ರವನ್ನು ಪರಿಶೀಲನಾ ಸಮಿತಿ ಮತ್ತೆ ಜಾಲಾಡುತ್ತದೆ, 1950ಕ್ಕೂ ಹಿಂದಿನ ವಾಸದ ಪುರಾವೆ ಕೇಳುತ್ತದೆ. ಕಲಬುರಗಿ ಕಡೆಯಿಂದ ವಲಸೆ ಬಂದ ಮನೆಗಳಿಗೆ ಇದು ಇನ್ನೂ ಕಷ್ಟ; ಒಂದು ರಾಜ್ಯದ ಪರಿಶಿಷ್ಟ ಸ್ಥಾನಮಾನ ಇನ್ನೊಂದು ರಾಜ್ಯಕ್ಕೆ ತಾನಾಗಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಈ ಓಡಾಟ ಕಡಿಮೆಯಾಗಬೇಕೆಂದು ಒತ್ತಾಯಿಸು, ಪರಿಶೀಲನೆಯೇ ಬೇಡ ಎನ್ನಬೇಡ. ಅದಿಲ್ಲದಿದ್ದರೆ ಸಾಲಿನಲ್ಲಿ ನಿನಗಿಂತ ಮುಂದೆ ನಿಲ್ಲುವವನು ಸುಳ್ಳು ಪತ್ರದವನೇ. ಅಪ್ಪ ಅಜ್ಜಂದಿರ ಶಾಲೆಯ ದಾಖಲೆಗಳನ್ನು ಈಗಲೇ ತೆಗೆಸಿಡು. ಬ್ಯಾಂಕ್ ಖಾತೆಯ ಸಹಿ ನಿನ್ನದೇ ಇರಲಿ. ಮಾಲು ಕೊಟ್ಟ ಮೇಲೆ 45 ದಿನ ದಾಟಿದರೂ ಹಣ ಬರದಿದ್ದರೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ (ಎಂಎಸ್‌ಎಂಇಡಿ) ಕಾಯ್ದೆಯಡಿ ಬಡ್ಡಿ ಸಮೇತ ಕೇಳು. ಹಾಗೆ ಕೇಳುವ ಧೈರ್ಯ ಹೆಸರು ಬಾಡಿಗೆಗೆ ಕೊಟ್ಟವನಿಗೆ ಇರುವುದಿಲ್ಲ.

ಇಂತಿ,
ನಿನ್ನ ಹಿತೈಷಿ