ತಿರುವಿನಲ್ಲಿ ಪಿಕಪ್ ನಡುಗುತ್ತದೆಯೇ? ಬಿಚ್ಚಿಸುವ ಮೊದಲು ಇಷ್ಟು ನೋಡಿ

ಈ ವಾರ ಗಿಡದ ರೋಗ ಅಲ್ಲ, ಗಾಡಿಯ ರೋಗ.

ನಾವುಂದ, ಮರವಂತೆ ಕಡೆ ಕಡಲ ಬದಿಯಲ್ಲಿ ಹೊಯಿಗೆ ದಾರಿ, ಮಳೆಗಾಲದಲ್ಲಿ ತೋಟಕ್ಕೆ ಕೆಸರು ದಾರಿ. ಹಟ್ಟಿಗೊಬ್ಬರ, ತೆಂಗಿನಕಾಯಿ ಸಾಗಿಸಲು 4 ವೀಲ್ ಡ್ರೈವ್ ಪಿಕಪ್ ಅಥವಾ ಜೀಪು ಇದ್ದರೆ ಅನುಕೂಲ. ಆದರೆ ಕೆಲವೊಮ್ಮೆ ನೇರ ದಾರಿಯಲ್ಲಿ ಚೆನ್ನಾಗಿ ಓಡುವ ಗಾಡಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೋಗುವಾಗ ಗಡಗಡ ನಡುಗುತ್ತದೆ. ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ. ಕೂಡಲೇ ಕ್ಲಚ್, ಗೇರ್‌ಬಾಕ್ಸ್ ಬಿಚ್ಚಿಸಿದರೆ ದುಡ್ಡೂ ಹೋಯಿತು, ದಿನವೂ ಹೋಯಿತು. ಕೊಯ್ದಿಟ್ಟ ತರಕಾರಿ ಗಾಡಿ ರಿಪೇರಿ ಆಗುವವರೆಗೆ ಕಾಯುವುದಿಲ್ಲ ಅಲ್ವಾ?

ಅಡಿಕೆ ಸೋಗೆ ಹಳದಿಯಾದರೆ ಗೊಬ್ಬರ ಸುರಿಯುವ ಮೊದಲು ಬುಡದಲ್ಲಿ ನೀರು ನಿಂತಿದೆಯಾ ನೋಡ್ತೇವೆ. ಇಲ್ಲಿಯೂ ಹಾಗೇ: ಖರ್ಚಿಲ್ಲದ್ದು ಮೊದಲು.

ನಡುಕ ಯಾಕೆ ಬರುತ್ತದೆ?

ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡುತ್ತದೆ. ಲೆಕ್ಕ ನೋಡಿ: ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ 3 ಮೀಟರ್ ಅಂತರ ಇದೆ, ಮುಂದಿನ ಹೊರಗಿನ ಚಕ್ರ 6 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತದೆ ಎಂದುಕೊಳ್ಳಿ. ಒಂದು ಪೂರ್ತಿ ಸುತ್ತಿಗೆ ಅದು ಸುಮಾರು 37.7 ಮೀಟರ್ ಓಡಿದರೆ, ಅದೇ ಬದಿಯ ಹಿಂದಿನ ಚಕ್ರ ಓಡುವುದು 32.6 ಮೀಟರ್ ಮಾತ್ರ.

ಬೊಲೆರೊ ಕ್ಯಾಂಪರ್‌ನಂಥ ಗಾಡಿಯಲ್ಲಿ 4 ವೀಲ್ ಹಾಕಿದರೆ ಮುಂದಿನ, ಹಿಂದಿನ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲೇಬೇಕು. ಹೊಯಿಗೆಯಲ್ಲಿ ಟೈರ್ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರು, ಕಾಂಕ್ರೀಟಿನಲ್ಲಿ ಜಾರುವುದಿಲ್ಲ. ಆಗ ಶಾಫ್ಟ್‌ಗಳು ಬಿಗಿದುಕೊಂಡು ಗಾಡಿ ನಡುಗುತ್ತದೆ. 4 ವೀಲ್ ಟ್ರ್ಯಾಕ್ಟರಿಗೂ ಇದೇ ಮಾತು.

ಪರೀಕ್ಷೆ ಮಾಡುವ ಕ್ರಮ

ಲೋಡ್ ಇಳಿಸಿ, ಖಾಲಿ ಅಂಗಳದಲ್ಲಿ ಮಾಡಿ. ಮಕ್ಕಳು, ದನ ಹತ್ತಿರ ಇರಬಾರದು.

1. ಲಿವರ್: 4ಎಚ್‌ನಲ್ಲಿ ಇದ್ದರೆ 2ಎಚ್‌ಗೆ ಹಾಕಿ, ನೇರವಾಗಿ ಎರಡು ಮೂರು ಮೀಟರ್ ರಿವರ್ಸ್ ಬನ್ನಿ. ಬಿಗಿತ ಸಡಿಲವಾಗುತ್ತದೆ. ಮೀಟರ್‌ನ 4 ವೀಲ್ ದೀಪ ಆರಿತಾ ನೋಡಿ, ಮತ್ತೆ ತಿರುಗಿಸಿ. ನಡುಕ ನಿಂತರೆ ಗಾಡಿಗೆ ರೋಗವೇ ಇಲ್ಲ. ಲಿವರ್ ಬದಲಾಯಿಸಿದರೂ ದೀಪ ಆರದಿದ್ದರೆ, 4 ವೀಲ್ ಬಿಡುವ ಜಾಗ ಸಿಕ್ಕಿಕೊಂಡಿರಬಹುದು. ಅದನ್ನು ಮೆಕ್ಯಾನಿಕ್‌ಗೆ ಹೇಳಿ.

2. ಟೈರ್: ನಾಲ್ಕೂ ಒಂದೇ ಸೈಜಾ? ಮುಂದೆ ಸವೆದದ್ದು, ಹಿಂದೆ ಹೊಸದು ಇದ್ದರೆ 4 ವೀಲ್‌ನಲ್ಲಿ ಬಿಗಿತ ಇನ್ನೂ ಹೆಚ್ಚು. ಗಾಳಿಯನ್ನೂ ಅಳೆಯಿರಿ.

3. ಸ್ಟೇರಿಂಗ್: ಗಾಡಿ ನಿಲ್ಲಿಸಿ, ಎಂಜಿನ್ ಆನ್ ಇಟ್ಟು ತಿರುಗಿಸಿ. ನಿಂತಲ್ಲೇ ನಡುಗಿದರೆ ಅಥವಾ ಗೊಂಯ್ ಎಂದರೆ ಪವರ್ ಸ್ಟೇರಿಂಗ್ ಎಣ್ಣೆ, ಬೆಲ್ಟ್ ನೋಡಿ. ಕೊನೆವರೆಗೆ ತಿರುಗಿಸಿ ಹಾಗೇ ಹಿಡಿದು ನಿಲ್ಲಬೇಡಿ, ಪಂಪಿಗೆ ಒಳ್ಳೆಯದಲ್ಲ.

4. ಶಬ್ದ: 2ಎಚ್‌ನಲ್ಲಿ ತಿರುಗುವಾಗ ಮುಂದಿನ ಚಕ್ರದಿಂದ ಟಕ್ ಟಕ್ ಬಂದರೆ ಅಲ್ಲಿಯ ಜಾಯಿಂಟ್ ಸವೆದಿರಬಹುದು. ರಬ್ಬರ್ ಹೊದಿಕೆ ಹರಿದು ಗ್ರೀಸ್ ಹೊರಬಂದಿದೆಯಾ ನೋಡಿ. ಹರಿದ ಜಾಗದಲ್ಲಿ ಹೊಯಿಗೆ, ಉಪ್ಪುನೀರು ಹೊಕ್ಕರೆ ಜಾಯಿಂಟ್ ಬೇಗ ಹಾಳು.

5. ನೇರ ದಾರಿ: ನೇರ ಹೊರಡುವಾಗಲೂ ನಡುಗಿದರೆ ತಿರುವಿನ ದೋಷ ಅಲ್ಲ. ಕ್ಲಚ್, ಎಂಜಿನ್ ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ ಕಡೆ ಅನುಮಾನ ಪಡಿ. ಕ್ಲಚ್ ಮಾತು ಬರುವುದು ಇಲ್ಲಿ.

ಡಿಫರೆನ್ಷಿಯಲ್ ಲಿಮಿಟೆಡ್ ಸ್ಲಿಪ್ ಮಾದರಿಯದ್ದಾದರೆ, ಬೇರೆ ಎಣ್ಣೆ ಹಾಕಿದ ಮೇಲೆಯೂ ತಿರುವಿನಲ್ಲಿ ನಡುಕ ಬರಬಹುದು. ಮ್ಯಾನುಯಲ್‌ನಲ್ಲಿ ಹೇಳಿದ ಎಣ್ಣೆಯೇ ಹಾಕಿಸಿ.

ಇದಿದ್ದರೆ ಓಡಿಸಬೇಡಿ

ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲಿಡಿ. ಒಬ್ಬರು ಸ್ಟೇರಿಂಗ್ ಸ್ವಲ್ಪ ಆಚೀಚೆ ಅಲ್ಲಾಡಿಸಲಿ, ಇನ್ನೊಬ್ಬರು ಹೊರಗಿನಿಂದ ಬಗ್ಗಿ ನೋಡಲಿ. ಟೈ ರಾಡ್ ಅಥವಾ ಬಾಲ್ ಜಾಯಿಂಟ್ ಲೊಡಲೊಡ ಎಂದರೆ ಗಾಡಿ ಅಲ್ಲೇ ಇರಲಿ. ಹೆದ್ದಾರಿ 66ರಲ್ಲಿ ಅದು ಕಳಚಿದರೆ ಸ್ಟೇರಿಂಗ್ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಕೊನೆಗೆ ಮೊಬೈಲ್ ಕೆಲಸ. ದೂರದಿಂದ ಒಬ್ಬರು 2ಎಚ್‌ನ ಎಡ ತಿರುವು, ಬಲ ತಿರುವು, ನೇರ ಓಟ ಮೂರನ್ನೂ ಶಬ್ದ ಸಮೇತ ವಿಡಿಯೊ ಮಾಡಲಿ. ಗ್ಯಾರೇಜಿನಲ್ಲಿ "ಗಾಡಿ ನಡುಗ್ತದೆ" ಅನ್ನುವ ಬದಲು ಯಾವಾಗ ನಡುಗುತ್ತದೆ, ಯಾವಾಗ ಇಲ್ಲ ಎಂದು ಹೇಳಿ, ವಿಡಿಯೊ ತೋರಿಸಿ. ಅರ್ಧ ರಿಪೇರಿ ಅಲ್ಲೇ ಆದ ಹಾಗೆ.